ಓವನ್ ಪರದೆಯಲ್ಲಿ ಕೋಡ್ ಬಂದಾಗ: ಬೋರ್ಡ್ ಬದಲಿಸುವ ಮುನ್ನ

ಮಂಗಳೂರಿನಲ್ಲಿರುವ ನನ್ನ ಅಕ್ಕ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅವಳ ಕೇಕುಗಳು ನಡುವೆ ಕುಸಿಯತೊಡಗಿದವು. ಬೇಕಿಂಗ್ ಪೌಡರ್ ಹಳೆಯದಾಗಿರಬೇಕು ಎಂದು ಅದನ್ನು ಬದಲಿಸಿದಳು. ಆಮೇಲೆ ಮೈದಾ ಬದಲಿಸಿದಳು. ಬೆಣ್ಣೆಯನ್ನೂ ಬದಲಿಸಿದಳು. ಆಗಸ್ಟ್ ಕೊನೆಯಲ್ಲಿ ಒಂದು ದಿನ ಓವನ್ ಬಿಸಿಯಾಗುತ್ತಿರುವಾಗಲೇ ಬೀಪ್ ಸದ್ದು ಮಾಡಿ, ಗಡಿಯಾರ ಕಾಣುತ್ತಿದ್ದ ಜಾಗದಲ್ಲಿ ತಾಪಮಾನ ಸೆನ್ಸರ್‌ನ ಕೋಡ್ (ದೋಷ ಸೂಚಿಸುವ ಅಕ್ಷರ-ಅಂಕಿ) ತೋರಿಸಿ ನಿಂತುಹೋಯಿತು. ಬಂದ ರಿಪೇರಿಯವರು ಕಂಟ್ರೋಲ್ ಬೋರ್ಡ್ (ಓವನ್ ನಡೆಸುವ ಎಲೆಕ್ಟ್ರಾನಿಕ್ ಹಲಗೆ) ಹೋಗಿದೆ ಎಂದರು, ಒಂಬತ್ತು ಸಾವಿರ ರೂಪಾಯಿಗೆ ಬೋರ್ಡ್ ಬದಲಿಸಿದರು. ಹದಿನೈದು ದಿನಕ್ಕೆ ಅದೇ ಕೋಡ್ ಮತ್ತೆ ಬಂತು. ನಾನು ಹೋದಾಗ ಸೆನ್ಸರ್‌ನ ಹಿಂದಿನ ಕನೆಕ್ಟರ್ ಬಿಡಿಸಿ ನೋಡಿದೆ. ಕಡಲ ತೀರದ ಗಾಳಿಗೆ ಅದರ ಪಿನ್‌ಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಸೆನ್ಸರ್ ಸರಿಯಾಗಿತ್ತು, ಹಳೆಯ ಬೋರ್ಡ್ ಕೂಡ ಸರಿಯಾಗಿಯೇ ಇದ್ದಿರಬೇಕು.

ಆ ಒಂಬತ್ತು ಸಾವಿರದ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಕೆಟ್ಟಿರುವ ಭಾಗದ ಹೆಸರನ್ನು ಕೋಡ್ ಹೇಳುವುದಿಲ್ಲ. ಬೋರ್ಡ್ ತನ್ನ ತಂತಿಗಳ ತುದಿಯಲ್ಲಿ ಏನನ್ನು ಕಂಡಿತೋ ಅದನ್ನಷ್ಟೇ ಹೇಳುತ್ತದೆ. ‘ಸೆನ್ಸರ್ ದೋಷ’ ಎಂದರೆ ಸೆನ್ಸರ್ ಕಡೆಯಿಂದ ಬಂದ ಅಳತೆ ನಂಬುವಂತಿಲ್ಲ ಎಂದು ಅರ್ಥ. ತಪ್ಪು ಸೆನ್ಸರ್‌ನಲ್ಲಿರಬಹುದು, ಕನೆಕ್ಟರ್‌ನಲ್ಲಿರಬಹುದು, ಇಲಿ ಕಡಿದ ತಂತಿಯಲ್ಲಿರಬಹುದು, ಅಪರೂಪಕ್ಕೆ ಬೋರ್ಡ್‌ನಲ್ಲೂ ಇರಬಹುದು. ಹುಡುಕಬೇಕಾದದ್ದು ಈ ಕ್ರಮದಲ್ಲಿ. ದುಬಾರಿ ಭಾಗ ಕೊನೆಗೆ ಬರಬೇಕು.

ಅಡುಗೆಮನೆಯ ಕಪಾಟಿನೊಳಗೆ ಕೂರಿಸಿದ ವಿದ್ಯುತ್ ಓವನ್ ಇರುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಗುಬುಟಿ ತಿರುಗಿಸುವ ಹಳೆಯ ಓಟಿಜಿಗಳಲ್ಲಿ (ಮೇಜಿನ ಮೇಲಿಡುವ ಸಣ್ಣ ಓವನ್‌ಗಳಲ್ಲಿ) ಕೋಡ್ ಬರುವುದೇ ಇಲ್ಲ. ಡಿಜಿಟಲ್ ಓಟಿಜಿ, ಕನ್ವೆಕ್ಷನ್ ಮೈಕ್ರೋವೇವ್ ಮತ್ತು ಅಮೆರಿಕದ ಮನೆಗಳ ಓವನ್‌ಗಳ ವಿಚಾರ ಮುಂದೆ ಬರುತ್ತದೆ.

ಕೈ ಹಾಕಬಾರದ ಸಂದರ್ಭಗಳು

ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿದ್ದರೆ, ಓವನ್ ಆಫ್ ಮಾಡಿದ ಮೇಲೂ ಬಿಸಿಯಾಗುತ್ತಲೇ ಇದ್ದರೆ, ಮೈ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ, ಕೋಡ್ ಓದುತ್ತಾ ನಿಲ್ಲಬೇಡಿ. ನೇರವಾಗಿ ವಿತರಣಾ ಪೆಟ್ಟಿಗೆಗೆ ಹೋಗಿ ಓವನ್‌ನ ಎಂಸಿಬಿ (ಹೆಚ್ಚು ವಿದ್ಯುತ್ ಹರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬಾರದು. ಗಾಳಿ ಸಿಕ್ಕರೆ ಬೆಂಕಿ ಏಳುತ್ತದೆ. ವಿದ್ಯುತ್ ತೆಗೆದು, ಬಾಗಿಲು ಮುಚ್ಚಿಯೇ ಇಟ್ಟರೆ ಬಹುಪಾಲು ತಾನೇ ಆರುತ್ತದೆ. ಆರದಿದ್ದರೆ ಮನೆಯವರನ್ನು ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಬೀಳುವ ಸ್ವಿಚ್) ಮತ್ತೆ ಮತ್ತೆ ಬೀಳುತ್ತಿದ್ದರೂ ಹಾಗೆಯೇ. ಅದನ್ನು ತಪ್ಪಿಸಿ ತಂತಿ ಎಳೆದುಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಬೇರೆಯವರನ್ನು ಕರೆಯಿರಿ. ಮಲೆನಾಡು ಮತ್ತು ಕರಾವಳಿಯಲ್ಲಿ ಇದು ಮಳೆಗಾಲದ ಸಾಮಾನ್ಯ ತೊಂದರೆ. ಓವನ್ನನ್ನು ಬಿಸಿ ಮಾಡುವ ಕೊಳವೆಯೊಳಗೆ (ಹೀಟಿಂಗ್ ಎಲಿಮೆಂಟ್) ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರುತ್ತದೆ. ತಿಂಗಳುಗಟ್ಟಲೆ ಬಳಸದೆ ಇಟ್ಟ ಓವನ್‌ನಲ್ಲಿ ಆ ತೇವದ ಮೂಲಕ ಸ್ವಲ್ಪ ವಿದ್ಯುತ್ ಲೋಹದ ಮೈಗೆ ಸೋರುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಅದನ್ನು ಹಿಡಿದು ಬೀಳುತ್ತದೆ. ಅದು ತನ್ನ ಕೆಲಸ ಮಾಡಿದೆ ಎಂದೇ ತಿಳಿಯಿರಿ. ಕೊಳವೆಯನ್ನು ಒಣಗಿಸುವುದೋ ಬದಲಿಸುವುದೋ ತಿಳಿದವರ ಕೆಲಸ.

ಮೊದಲನೆಯ ಹೆಜ್ಜೆ: ಆಫ್ ಮಾಡುವ ಮೊದಲು ಫೋಟೊ ತೆಗೆಯಿರಿ

ಕೋಡ್ ಕಂಡ ಕೂಡಲೇ ಗಾಬರಿಯಿಂದ ಸ್ವಿಚ್ ಆರಿಸಿದರೆ ನಿಮ್ಮ ಕೈಯಲ್ಲಿದ್ದ ಒಳ್ಳೆಯ ಸಾಕ್ಷಿ ಹೋಗುತ್ತದೆ. ಅಪಾಯದ ಸೂಚನೆ ಇಲ್ಲದಿದ್ದರೆ ಮೊಬೈಲ್‌ನಲ್ಲಿ ಪರದೆಯ ಚಿತ್ರ ತೆಗೆಯಿರಿ. ಓವನ್ ಪರದೆಯ ಅಕ್ಷರಗಳು ಏಳು ಗೆರೆಗಳಲ್ಲಿ ಮೂಡುವಂಥವು. ಅದರಲ್ಲಿ ‘ಎಸ್’ ಅಕ್ಷರವೂ 5 ಅಂಕಿಯೂ ಒಂದೇ ರೂಪ. ‘ಬಿ’ ಮತ್ತು 6, ‘ಓ’ ಮತ್ತು 0 ಕೂಡ ಕಣ್ಣಿಗೆ ಮೋಸ ಮಾಡುತ್ತವೆ. ಸ್ಯಾಮ್‌ಸಂಗ್ ಓವನ್‌ಗಳ ‘ಎಸ್ಇ’ ಕೋಡನ್ನು ‘5ಇ’ ಎಂದು ಓದಿ ಕೈಪಿಡಿಯಲ್ಲಿ ಹುಡುಕಿ ಸಿಗದೆ ಸೋತವರು ಬಹಳ ಮಂದಿ.

ಚಿತ್ರದ ಜೊತೆಗೆ, ಕೋಡ್ ಯಾವಾಗ ಬಂತು ಎಂಬುದನ್ನೂ ಬರೆದಿಡಿ. ಕೋಡಿಗಿಂತಲೂ ಹೆಚ್ಚು ಸಲ ನನಗೆ ದಾರಿ ತೋರಿಸಿರುವುದು ಇದೇ. ಓವನ್ ತಣ್ಣಗೆ ಸುಮ್ಮನೆ ಇದ್ದಾಗ ಬಂತೋ, ಬಿಸಿಯಾಗತೊಡಗಿದ ಐದನೆಯ ನಿಮಿಷಕ್ಕೋ, 180 ಡಿಗ್ರಿ ಮುಟ್ಟಿ ಅರ್ಧ ಗಂಟೆ ಕಳೆದ ಮೇಲೋ? ಕರೆಂಟ್ ಹೋಗಿ ಬಂದ ನಂತರವೋ? ಮೇಲಿನ ಒಲೆಯಲ್ಲಿ ಹಾಲು ಉಕ್ಕಿದ ದಿನವೋ? ಹಿಂದಿನ ವಾರಗಳಲ್ಲಿ ಬೇಯುವುದು ನಿಧಾನವಾಗಿತ್ತೋ? ಬಿಸಿಯಾದಾಗ ಮಾತ್ರ ಬರುವ ಕೋಡ್ ಸಾಮಾನ್ಯವಾಗಿ ಸಡಿಲವಾದ ಜೋಡಣೆಯ ಕಡೆಗೆ ಬೆರಳು ತೋರಿಸುತ್ತದೆ, ಏಕೆಂದರೆ ಲೋಹ ಬಿಸಿಗೆ ಹಿಗ್ಗಿದಾಗ ಅರೆಬರೆ ಅಂಟಿಕೊಂಡಿದ್ದ ಪಿನ್ ಬಿಟ್ಟುಕೊಳ್ಳುತ್ತದೆ.

ಮಾದರಿ ಸಂಖ್ಯೆಯೂ ಬೇಕು. ಬಾಗಿಲು ತೆರೆದರೆ ಚೌಕಟ್ಟಿನ ಪಕ್ಕದಲ್ಲೋ ಕೆಳಗೋ ಸಣ್ಣ ಪಟ್ಟಿ ಕಾಣುತ್ತದೆ, ಅದರ ಚಿತ್ರವನ್ನೂ ತೆಗೆಯಿರಿ. ಕೋಡುಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪುವ ಅರ್ಥ ಎಂಬುದಿಲ್ಲ. ಜಿಇ ಕಂಪನಿಯ ಹಳೆಯ ಓವನ್‌ಗಳಲ್ಲಿ ಎಫ್2 ಎಂದರೆ ಒಳಗಿನ ಬಿಸಿ ಮಿತಿ ಮೀರಿದೆ ಎಂದು. ವರ್ಲ್‌ಪೂಲ್‌ನಲ್ಲಿ ಎಫ್2 ಎಂದು ಆರಂಭವಾಗುವ ಕೋಡುಗಳು ಗುಂಡಿಗಳ ಫಲಕಕ್ಕೆ ಸೇರಿದವು. ಬೇರೆ ಮಾದರಿಯ ಪಟ್ಟಿ ನೋಡಿ ಬಿಡಿಭಾಗ ತರಿಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ.

ಇದು ನಿಜವಾಗಿಯೂ ದೋಷದ ಕೋಡೇ?

ಕರೆಂಟ್ ಹೋಗಿ ಬಂದ ಮೇಲೆ ಓವನ್ ಕಾಯುತ್ತಿಲ್ಲ, ಪರದೆಯಲ್ಲಿ 12:00 ಅಥವಾ 0:00 ಮಿನುಗುತ್ತಿದೆ ಎನ್ನುವ ದೂರು ಬಹಳ ಸಾಮಾನ್ಯ. ಕಪಾಟಿನೊಳಗೆ ಕೂರಿಸುವ ಅನೇಕ ಮಾದರಿಗಳಲ್ಲಿ ಗಡಿಯಾರಕ್ಕೆ ಸಮಯ ಹೊಂದಿಸುವ ತನಕ ಕೊಳವೆಗಳಿಗೆ ವಿದ್ಯುತ್ ಹೋಗುವುದೇ ಇಲ್ಲ. ಸಮಯ ಹೊಂದಿಸಿದರೆ ಮುಗಿಯಿತು. ಕೀಲಿಯ ಚಿಹ್ನೆ ಕಂಡರೆ ಮಕ್ಕಳ ಲಾಕ್ ಬಿದ್ದಿದೆ, ಗುರುತು ಮಾಡಿದ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ತೆರೆಯುತ್ತದೆ.

ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ ಓವನ್ ಕೊಂಡವರಿಗೆ ಇನ್ನೊಂದು ಕಷ್ಟ ಎದುರಾಗುತ್ತದೆ. ದೀಪ ಹತ್ತುತ್ತದೆ, ಪರದೆಯಲ್ಲಿ ಎಲ್ಲವೂ ನಡೆಯುತ್ತದೆ, ಒಳಗೆ ಮಾತ್ರ ತಣ್ಣಗೆ. ಅದು ಡೆಮೊ ಸ್ಥಿತಿ. ಹೊರಬರುವ ವಿಧಾನ ಕೈಪಿಡಿಯಲ್ಲಿರುತ್ತದೆ.

ಎರಡನೆಯ ಹೆಜ್ಜೆ: ವಿದ್ಯುತ್ ತೆಗೆದು, ಕಾದು, ಮತ್ತೆ ಕೊಡಿ

ಓವನ್‌ನ ಗುಂಡಿಯಿಂದ ಆಫ್ ಮಾಡಿದರೆ ಬೋರ್ಡ್ ಎಚ್ಚರವಾಗಿಯೇ ಇರುತ್ತದೆ. ಗೋಡೆಯ ಸ್ವಿಚ್ ಅಥವಾ ಎಂಸಿಬಿಯಿಂದಲೇ ವಿದ್ಯುತ್ ತೆಗೆಯಬೇಕು. ಐದು ನಿಮಿಷ ಬಿಡಿ. ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಬರಿದಾದರೆ ಮಾತ್ರ ಅದು ಮೊದಲಿನಿಂದ ಆರಂಭಿಸುತ್ತದೆ. ಆಮೇಲೆ ವಿದ್ಯುತ್ ಕೊಟ್ಟು, ಸಮಯ ಹೊಂದಿಸಿ, ಖಾಲಿ ಓವನ್ನನ್ನು 180 ಡಿಗ್ರಿಗೆ ಇಡಿ.

ಕೋಡ್ ಮರಳಿ ಬಾರದಿದ್ದರೆ ಕರೆಂಟ್‌ನ ಏರಿಳಿತಕ್ಕೆ ಬೋರ್ಡ್ ಗಲಿಬಿಲಿಗೊಂಡಿತ್ತು ಎಂದುಕೊಳ್ಳಬಹುದು. ಬಹುಮಹಡಿ ಮನೆಗಳಲ್ಲಿ ಜನರೇಟರ್‌ಗೆ ಬದಲಾಗುವ ಗಳಿಗೆಯಲ್ಲಿ ಹೀಗಾಗುತ್ತದೆ. ಆದರೆ ವಿದ್ಯುತ್ ಕೊಟ್ಟ ಕ್ಷಣವೇ ಕೋಡ್ ಬಂದರೆ ದೋಷ ಈಗಲೂ ಇದೆ. ದಿನಕ್ಕೆ ಮೂರು ಸಲ ಹೀಗೆ ತೆಗೆದು ಕೊಡುತ್ತಾ ಅಡುಗೆ ಮುಂದುವರಿಸಬೇಡಿ. ಅತಿಬಿಸಿಯ ಕೋಡನ್ನು ಹೀಗೆ ಅಳಿಸಿ ಬಳಸುವುದಂತೂ ಸಲ್ಲದು.

ಮೂರನೆಯ ಹೆಜ್ಜೆ: ಗೋಡೆಯಿಂದ ಬರುವ ವಿದ್ಯುತ್ ನೋಡಿ

ಬಿಸಿಯಾಗಲು ತಡವಾಗುತ್ತಿದೆ ಎಂಬ ಕೋಡ್ ಬಂದರೆ ಮೊದಲು ಅನುಮಾನಿಸಬೇಕಾದದ್ದು ವೋಲ್ಟೇಜನ್ನು. ಕೊಳವೆ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ವೋಲ್ಟ್ ಇದ್ದರೆ ಶಾಖ ಸುಮಾರು ಶೇ 61ಕ್ಕೆ ಇಳಿದುಬಿಡುತ್ತದೆ. ಬೇಸಿಗೆಯ ಸಂಜೆ ಊರಿಗೆ ಊರೇ ಪಂಪು, ಎಸಿ ಹಾಕಿದಾಗ ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಇಷ್ಟು ಇಳಿಯುವುದು ಹೊಸತಲ್ಲ. ಅದೇ ಓವನ್ ಬೆಳಿಗ್ಗೆ ಐದಕ್ಕೆ ಸರಿಯಾಗಿ ಕಾದರೆ ಓವನ್‌ನಲ್ಲಿ ದೋಷ ಹುಡುಕಬೇಡಿ.

ಆಮೇಲೆ ಪ್ಲಗ್ ಮತ್ತು ಸಾಕೆಟ್. 3.5 ಕಿಲೋವ್ಯಾಟ್ ಓವನ್ 230 ವೋಲ್ಟ್‌ನಲ್ಲಿ 15 ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ಅಂದರೆ 16 ಆಂಪಿಯರ್ ಸಾಕೆಟ್‌ನ ಅಂಚಿನಲ್ಲೇ ಗಂಟೆಗಟ್ಟಲೆ ಕೆಲಸ. ಪಿನ್ ಸ್ವಲ್ಪ ಸಡಿಲವಾದರೂ ಅಲ್ಲಿ ಬಿಸಿ ಹುಟ್ಟುತ್ತದೆ. ಎಂಸಿಬಿ ಇಳಿಸಿ ಪ್ಲಗ್ ಎಳೆದು ನೋಡಿ. ಪ್ಲಾಸ್ಟಿಕ್ ಕಂದಾಗಿದ್ದರೆ, ಪಿನ್ ಕಪ್ಪಾಗಿದ್ದರೆ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸುತ್ತಿದ್ದರೆ ಇಂದೇ ನಿಲ್ಲಿಸಿ. ಮನೆಯ ಇನ್ವರ್ಟರ್ ಲೈನಿಗೂ ಓವನ್ ಸೇರಿಸಬಾರದು.

ನಾಲ್ಕನೆಯ ಹೆಜ್ಜೆ: ಕೋಡ್ ಯಾವ ಗುಂಪಿನದು

ಸಂಖ್ಯೆ ಏನೇ ಇರಲಿ, ಹೆಚ್ಚಿನ ಕೋಡುಗಳು ಐದು ಗುಂಪಿನಲ್ಲಿ ಒಂದಕ್ಕೆ ಸೇರುತ್ತವೆ: ಸೆನ್ಸರ್, ಗುಂಡಿಗಳ ಫಲಕ, ಅತಿಬಿಸಿ, ಬಾಗಿಲ ಲಾಕ್, ಬೋರ್ಡ್. ಕೈಪಿಡಿ ನೋಡಿ ಗುಂಪು ತಿಳಿದುಕೊಳ್ಳಿ. ಕೈಪಿಡಿ ಕಳೆದಿದ್ದರೆ ಮಾದರಿ ಸಂಖ್ಯೆ ಹಾಕಿ ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳಬಹುದು.

ಸೆನ್ಸರ್ ಗುಂಪು

ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಬೋರ್ಡ್‌ಗೆ ಬಿಸಿ ಎಂದರೇನು ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಓಮ್ ಮಾತ್ರ, ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆಯ (ರೋಧದ) ಅಳತೆ. ಓವನ್ನಿನ ಒಳಗೆ ಹಿಂಗೋಡೆಯ ಮೇಲ್ಭಾಗದಲ್ಲಿ ಪೆನ್ಸಿಲ್‌ಗಿಂತ ತೆಳುವಾದ ಲೋಹದ ಕಡ್ಡಿ ಕಾಣುತ್ತದೆ. ಅದರ ತುದಿಯಲ್ಲಿ ಪ್ಲಾಟಿನಂ ಇದೆ. ಬಿಸಿ ಏರಿದಂತೆ ಪ್ಲಾಟಿನಂನ ರೋಧ ಏರುತ್ತದೆ. ಹೆಚ್ಚು ಬಳಕೆಯಲ್ಲಿರುವ ಜಾತಿಯಲ್ಲಿ 0 ಡಿಗ್ರಿ ಸೆಲ್ಸಿಯಸ್‌ಗೆ 1000 ಓಮ್, ಅಲ್ಲಿಂದ ಪ್ರತಿ ಡಿಗ್ರಿಗೆ ಸುಮಾರು 3.85 ಓಮ್ ಹೆಚ್ಚುತ್ತಾ ಹೋಗುತ್ತದೆ. ನಮ್ಮ ಅಡುಗೆಮನೆಯ 28 ಡಿಗ್ರಿಯಲ್ಲಿ 1109 ಓಮ್ ಆಸುಪಾಸು, 180 ಡಿಗ್ರಿಯಲ್ಲಿ 1685 ಓಮ್ ಆಸುಪಾಸು.

ಈ ಒಂದು ಸಂಗತಿ ತಿಳಿದರೆ ಎಷ್ಟೋ ಒಗಟುಗಳು ಬಿಡಿಸಿಕೊಳ್ಳುತ್ತವೆ. ತಂತಿ ಕಡಿದುಹೋದರೆ ರೋಧ ಅನಂತ, ಅಂದರೆ ಬೋರ್ಡಿನ ಲೆಕ್ಕದಲ್ಲಿ ಓವನ್ ಅನಂತ ಬಿಸಿಯಾಗಿದೆ. ತಣ್ಣಗಿರುವ ಓವನ್ ‘ಅತಿಬಿಸಿ’ ಎಂದು ಕೂಗಿದರೆ ಕಾರಣ ಬಹುಮಟ್ಟಿಗೆ ಇದೇ. ಇನ್ನು ಕನೆಕ್ಟರ್‌ನಲ್ಲಿ ಕಿಲುಬು ಕಟ್ಟಿ 40 ಓಮ್ ಹೆಚ್ಚುವರಿ ರೋಧ ಸೇರಿಕೊಂಡಿತು ಎನ್ನಿ. 40 ಓಮ್ ಎಂದರೆ ಸುಮಾರು 10 ಡಿಗ್ರಿ. ಒಳಗೆ 170 ಇದ್ದಾಗಲೇ ಬೋರ್ಡ್ 180 ಆಯಿತೆಂದು ತಿಳಿದು ಕೊಳವೆ ಆರಿಸುತ್ತದೆ. ಕಿಲುಬು ಬೆಳೆದಂತೆ ಅಂತರವೂ ಬೆಳೆಯುತ್ತದೆ. ಅಕ್ಕನ ಕೇಕುಗಳು ಎರಡು ತಿಂಗಳು ಕುಸಿದದ್ದು ಹೀಗೆ. ಪರದೆಯ ಮೇಲೆ ಕೋಡ್ ಬಂದದ್ದು ಕೊನೆಗೆ, ಕೇಕುಗಳು ಮೊದಲಿನಿಂದಲೂ ಹೇಳುತ್ತಲೇ ಇದ್ದವು.

ಅಳೆಯುವುದು ಹೀಗೆ. ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಕೈ ಉಪಕರಣ) ಹಿಡಿದು ಅಭ್ಯಾಸವಿಲ್ಲದವರು, ಓವನ್ ವಾರಂಟಿಯಲ್ಲಿರುವವರು ಇದನ್ನು ಓದಿ, ತಿಳಿದವರ ಕೈಯಿಂದ ಮಾಡಿಸಿ.

1. ಎಂಸಿಬಿ ಇಳಿಸಿ, ಪ್ಲಗ್ ಕೂಡ ಕಳಚಿ. ಪರದೆ ಪೂರ್ತಿ ಕತ್ತಲಾಗಿರಬೇಕು. ಓವನ್ ಕೋಣೆಯ ತಾಪಕ್ಕೆ ಇಳಿಯುವ ತನಕ ಕಾಯಿರಿ.

2. ಒಳಗಿನ ಜಾಲರಿಗಳನ್ನು ತೆಗೆಯಿರಿ. ಕಡ್ಡಿಯ ಬುಡದಲ್ಲಿ ಒಂದೋ ಎರಡೋ ತಿರುಪು ಇರುತ್ತವೆ, ಬಿಚ್ಚಿ. ಕಡ್ಡಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದರೆ ತಂತಿಯೊಂದಿಗೆ ಕನೆಕ್ಟರ್ ಹೊರಬರುತ್ತದೆ. ತಂತಿ ರಂಧ್ರದೊಳಗೆ ಜಾರಿ ಹೋಗದಂತೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಹಿಡಿದಿಡಿ. ಕೆಲವು ಮಾದರಿಗಳಲ್ಲಿ ಇದು ಹಿಂಬದಿಯಿಂದ ಮಾತ್ರ ಸಿಗುತ್ತದೆ. ಆಗ ಓವನ್ನನ್ನು ಕಪಾಟಿನಿಂದ ಹೊರಗೆಳೆಯಲು ಇಬ್ಬರು ಬೇಕು, ಒಬ್ಬರೇ ಎಳೆಯಬೇಡಿ.

3. ಕನೆಕ್ಟರ್ ಬಿಡಿಸಿ ಪಿನ್‌ಗಳನ್ನು ಬೆಳಕಿನಲ್ಲಿ ನೋಡಿ. ಹಸಿರು, ಕಪ್ಪು, ಕರಗಿದ ಗುರುತು ಇದೆಯೇ?

4. ಮಲ್ಟಿಮೀಟರನ್ನು 2000 ಓಮ್ ಅಳತೆಗೆ ಇಟ್ಟು ಸೆನ್ಸರ್‌ನ ಎರಡು ತಂತಿಗಳ ನಡುವೆ ಅಳೆಯಿರಿ. 1100ರ ಆಸುಪಾಸು ಬಂದರೆ ಸೆನ್ಸರ್ ಆರೋಗ್ಯವಾಗಿದೆ. 550ರ ಆಸುಪಾಸು ಬಂದರೆ ಗಾಬರಿ ಬೇಡ, 0 ಡಿಗ್ರಿಗೆ 500 ಓಮ್ ಇರುವ ಜಾತಿಯನ್ನೂ ಕೆಲವು ಓವನ್‌ಗಳಲ್ಲಿ ಹಾಕುತ್ತಾರೆ. ಏನೂ ಓದದಿದ್ದರೆ ಒಳಗೆ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ.

5. ತಂತಿಯನ್ನು ಅಲ್ಲಾಡಿಸುತ್ತಾ ಮತ್ತೆ ನೋಡಿ, ಸಂಖ್ಯೆ ಕುಣಿಯಬಾರದು. ಕಡ್ಡಿಯ ತುದಿಯನ್ನು ಅಂಗೈಯಲ್ಲಿ ಹಿಡಿದುಕೊಂಡರೆ ಸಂಖ್ಯೆ ನಿಧಾನವಾಗಿ ಏರಬೇಕು. ಒಂದೊಂದೇ ತಂತಿಗೂ ಕಡ್ಡಿಯ ಲೋಹದ ಮೈಗೂ ನಡುವೆ ಯಾವ ಸಂಪರ್ಕವೂ ತೋರಬಾರದು.

ಸೆನ್ಸರ್ ಸರಿಯಿದ್ದರೆ ಮುಂದಿನ ಅನುಮಾನ ಕನೆಕ್ಟರ್‌ನಿಂದ ಬೋರ್ಡ್‌ವರೆಗಿನ ತಂತಿಯ ಮೇಲೆ. ಸೆನ್ಸರನ್ನು ಮತ್ತೆ ಜೋಡಿಸಿ, ಬೋರ್ಡ್ ತುದಿಯ ಪ್ಲಗ್ ಕಳಚಿ, ತಂತಿಗಳ ಆ ತುದಿಯಲ್ಲಿ ಅಳೆದಾಗಲೂ ಅದೇ 1100 ಬರಬೇಕು. ಇಲ್ಲಿ ಸರಿಯಾದ ಅಳತೆ ಬಂದು, ಕೋಡ್ ಇನ್ನೂ ಬರುತ್ತಿದ್ದರೆ ಮಾತ್ರ ಬೋರ್ಡ್ ಮೇಲೆ ತಪ್ಪು ಹೊರಿಸಬಹುದು. ಅಕ್ಕನ ಮನೆಗೆ ಬಂದವರು ಈ ಒಂದು ಅಳತೆ ಮಾಡಿದ್ದರೆ ಸಾಕಿತ್ತು.

ಕಿಲುಬಿದ ಕನೆಕ್ಟರನ್ನು ಕೆರೆದು ಮತ್ತೆ ಹಾಕಿದರೆ ಕೆಲವು ವಾರ ನಡೆಯುತ್ತದೆ, ಹೊಸದು ಹಾಕುವುದೇ ಸರಿ. ಬೆಸುಗೆ ಹಾಕಿ ಇನ್ಸುಲೇಷನ್ ಟೇಪ್ ಸುತ್ತುವವರಿದ್ದಾರೆ, ಒಪ್ಪಬೇಡಿ. ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗತೊಡಗುತ್ತದೆ, ಟೇಪ್ ಅದಕ್ಕೂ ಮೊದಲೇ ಕರಗುತ್ತದೆ. ಒತ್ತಿ ಕೂರಿಸುವ ಟರ್ಮಿನಲ್ ಅಥವಾ ಪಿಂಗಾಣಿ ಕನೆಕ್ಟರ್, ಹೆಚ್ಚು ಬಿಸಿ ತಡೆಯುವ ಗಾಜಿನ ನೂಲಿನ ಹೊದಿಕೆಯ ತಂತಿ ಬೇಕು.

ಇದೇ ಮಲ್ಟಿಮೀಟರ್ ಕೈಯಲ್ಲಿರುವಾಗ, ವಿದ್ಯುತ್ ಇಲ್ಲದ ಸ್ಥಿತಿಯಲ್ಲಿಯೇ ಕೊಳವೆಯನ್ನೂ ನೋಡಬಹುದು. ಅದರ ಒಂದು ತಂತಿಯನ್ನು ಕಳಚಿ ಅಳೆಯಿರಿ. 52,900ನ್ನು ಕೊಳವೆಯ ವ್ಯಾಟ್‌ನಿಂದ ಭಾಗಿಸಿದರೆ ಬರಬೇಕಾದ ಓಮ್ ಸಿಗುತ್ತದೆ, ಏಕೆಂದರೆ 230ರ ವರ್ಗ 52,900. 2000 ವ್ಯಾಟ್ ಕೊಳವೆಗೆ 26 ಓಮ್ ಚಿಲ್ಲರೆ.

ಡಿಜಿಟಲ್ ಓಟಿಜಿ ಮತ್ತು ಏರ್ ಫ್ರೈಯರ್ ಓವನ್‌ಗಳಲ್ಲಿ ಇ1 ಬಂದರೆ ಸಾಮಾನ್ಯವಾಗಿ ಸೆನ್ಸರ್ ಕಡಿದಿದೆ ಎಂದೂ ಇ2 ಬಂದರೆ ಶಾರ್ಟ್ ಆಗಿದೆ ಎಂದೂ ಅರ್ಥ. ಅಲ್ಲಿ ಹೆಚ್ಚಾಗಿ ಪ್ಲಾಟಿನಂ ಬದಲು ಥರ್ಮಿಸ್ಟರ್ ಇರುತ್ತದೆ. ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ, ಆದ್ದರಿಂದ ಮೇಲಿನ ಸಂಖ್ಯೆಗಳು ಅದಕ್ಕೆ ಹೊಂದುವುದಿಲ್ಲ.

ಗುಂಡಿಗಳ ಗುಂಪು

ಯಾವುದೋ ಗುಂಡಿ ಒತ್ತಿದಂತೆಯೇ ಉಳಿದಿದೆ ಎಂದು ಬೋರ್ಡ್‌ಗೆ ಕಂಡಾಗ ಬರುವ ಕೋಡ್ ಇದು. ಬಾಷ್ ಓವನ್‌ಗಳ ಇ011, ಸ್ಯಾಮ್‌ಸಂಗ್‌ನ ಸಿ-ಡಿ0 ಈ ಜಾತಿಯವು. ನಮ್ಮ ಅಡುಗೆಮನೆಗಳಲ್ಲಿ ಇದಕ್ಕೆ ಕಾರಣಗಳಿಗೆ ಬರವಿಲ್ಲ. ಒಗ್ಗರಣೆಯ ಎಣ್ಣೆ ಜಿಡ್ಡು, ಮೇಲಿನ ಒಲೆಯಿಂದ ಇಳಿದ ಹಾಲು, ಇಡ್ಲಿ ಪಾತ್ರೆಯ ಹಬೆ, ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಅಂಚಿನಲ್ಲಿ ಒಳಗಿಳಿದ ನೀರು. ಫಲಕಕ್ಕೆ ಒರಗಿಸಿದ ಟವಲ್ ಕೂಡ ಸಾಕು.

ವಿದ್ಯುತ್ ತೆಗೆದು, ಹಿಂಡಿದ ಮೆತ್ತನೆಯ ಬಟ್ಟೆಯಿಂದ ಜಿಡ್ಡು ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ಶುಚಿಗೊಳಿಸುವ ದ್ರವವನ್ನು ಫಲಕದ ಮೇಲೆ ನೇರವಾಗಿ ಸಿಂಪಡಿಸಬೇಡಿ, ಬಟ್ಟೆಗೆ ಹಾಕಿಕೊಳ್ಳಿ. ಒತ್ತುವ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಬಿಟ್ಟು, ಯಾವುದಾದರೂ ಮೇಲೇಳದೆ ಸಿಕ್ಕಿಕೊಂಡಿದೆಯೇ ನೋಡಿ. ಆಮೇಲೆ ಫ್ಯಾನ್ ಗಾಳಿಗೆ ಒಂದು ರಾತ್ರಿ ಒಣಗಲು ಬಿಡಿ. ಕರಾವಳಿಯ ಜುಲೈಯಲ್ಲಿ ಎರಡು ರಾತ್ರಿ ಬೇಕಾಗಬಹುದು. ಮಳೆಗಾಲದಲ್ಲಿ ಬಂದು ಬೇಸಿಗೆಯಲ್ಲಿ ಮರೆಯಾಗುವ ಗುಂಡಿ ಕೋಡ್ ತೇವದ್ದೇ ಕೆಲಸ.

ಜಿರಲೆಗಳ ವಿಷಯವನ್ನೂ ಹೇಳಲೇಬೇಕು. ಫಲಕದ ಹಿಂದಿನ ಜಾಗ ಬೆಚ್ಚಗೆ, ಕತ್ತಲೆಯಾಗಿ ಇರುವುದರಿಂದ ಅವಕ್ಕೆ ಬಲು ಇಷ್ಟ. ಅವುಗಳ ಹಿಕ್ಕೆ ತೇವ ಹಿಡಿದು ಬೋರ್ಡ್‌ನ ಗೆರೆಗಳ ನಡುವೆ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಹಾಗೆಂದು ಫಲಕಕ್ಕೆ ಕೀಟನಾಶಕ ಸಿಂಪಡಿಸಬೇಡಿ. ಕಪಾಟಿನ ಮೂಲೆಯಲ್ಲಿ ಜೆಲ್ ಹಚ್ಚಿ, ಬೋರ್ಡನ್ನು ರಿಪೇರಿಯವರಿಂದ ಬಿಚ್ಚಿಸಿ ಶುಚಿ ಮಾಡಿಸಿ.

ಅತಿಬಿಸಿಯ ಗುಂಪು

ತಣ್ಣಗಿದ್ದಾಗ ಬಂದ ಅತಿಬಿಸಿ ಕೋಡ್ ಸೆನ್ಸರ್ ಗುಂಪಿಗೆ ಸೇರಿದ್ದು ಎಂದು ಆಗಲೇ ಹೇಳಿದೆ. ನಿಜವಾಗಿಯೂ ಬಿಸಿ ಏರಿದ್ದರೆ ಬೋರ್ಡ್ ಮೇಲಿನ ರಿಲೇ (ಕೊಳವೆಗೆ ವಿದ್ಯುತ್ ಕೊಟ್ಟು ನಿಲ್ಲಿಸುವ ಸ್ವಿಚ್) ಅಂಟಿಕೊಂಡಿರಬಹುದು. ಆಗ ಕೊಳವೆಗೆ ವಿದ್ಯುತ್ ನಿಲ್ಲುವುದೇ ಇಲ್ಲ. ಎಂಸಿಬಿ ಇಳಿಸಿ, ರಿಪೇರಿ ಆಗುವವರೆಗೆ ಮುಟ್ಟಬೇಡಿ.

ಇನ್ನೊಂದು ಕಾರಣ ಓವನ್ನಿನ ಹೊರಗಿದೆ. ಕಪಾಟಿನ ಓವನ್‌ಗೆ ಬೋರ್ಡ್ ತಣ್ಣಗಿಡಲೆಂದೇ ಒಂದು ಫ್ಯಾನ್ ಇರುತ್ತದೆ. ಅದಕ್ಕೆ ಗಾಳಿ ಬರಲು ಕಪಾಟಿನ ಹಿಂದೆ ಮತ್ತು ಕೆಳಗೆ ಜಾಗ ಬಿಡಬೇಕು, ಎಷ್ಟು ಎಂಬುದನ್ನು ಕೈಪಿಡಿಯ ಚಿತ್ರದಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅಚ್ಚುಕಟ್ಟಾಗಿ ಕಾಣಲಿ ಎಂದು ಬಡಗಿ ಹಿಂಬದಿಗೆ ಪೂರ್ತಿ ಪ್ಲೈವುಡ್ ಹೊಡೆದುಬಿಡುತ್ತಾನೆ. ಇಂಥ ಕಪಾಟಿನಲ್ಲಿ ಒಂದು ಗಂಟೆ ಬಿಡದೆ ಬೇಯಿಸಿದಾಗ ಮಾತ್ರ ಕೋಡ್ ಬರುತ್ತದೆ, ಅಥವಾ ಸುರಕ್ಷತೆಯ ಥರ್ಮಲ್ ಕಟ್‌ಔಟ್ ಬಿದ್ದು ಓವನ್ ಸದ್ದಿಲ್ಲದೆ ಕಾಯುವುದು ನಿಲ್ಲಿಸುತ್ತದೆ. ಬಡಗಿಯನ್ನು ಕರೆದು ಹಲಗೆ ಕತ್ತರಿಸಿಸಿದರೆ ಕೆಲಸ ಆಗುತ್ತದೆ. ಕಟ್‌ಔಟನ್ನು ತಪ್ಪಿಸಿ ತಂತಿ ಜೋಡಿಸುವುದು ಮನೆಗೆ ಬೆಂಕಿ ಇಡುವ ಕೆಲಸ.

ಕೈ ಮುಗಿದು ಕೇಳಿಕೊಳ್ಳುವುದು ಒಂದಿದೆ. ಬೇಯಿಸುವುದು ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ. ಆ ಫ್ಯಾನ್ ಓವನ್ ಆಫ್ ಆದ ಮೇಲೂ ಓಡುತ್ತಿರಬೇಕು, ಒಳಗಿನ ಬಿಸಿ ಇಳಿದ ಮೇಲೆ ತಾನೇ ನಿಲ್ಲುತ್ತದೆ. ವಿದ್ಯುತ್ ಉಳಿಸಲೆಂದು ನಾವು ಒಳ್ಳೆಯ ಮನಸ್ಸಿನಿಂದ ಸ್ವಿಚ್ ಆರಿಸುತ್ತೇವೆ, ಒಳಗೆ ಕೂಡಿಟ್ಟ ಶಾಖ ಬೋರ್ಡನ್ನು ದಿನವೂ ಸ್ವಲ್ಪ ಸ್ವಲ್ಪ ಸುಡುತ್ತದೆ.

ಬಾಗಿಲು, ಬೋರ್ಡ್

ಬಾಗಿಲ ಲಾಕ್ ಕೋಡ್ ಬರುವುದು ಹೆಚ್ಚಾಗಿ ಸುಮಾರು 500 ಡಿಗ್ರಿಗೆ ಕಾಯಿಸಿ ತಾನೇ ಶುಚಿಗೊಳ್ಳುವ ಓವನ್‌ಗಳಲ್ಲಿ. ಪೂರ್ತಿ ತಣ್ಣಗಾಗುವ ತನಕ ಬಾಗಿಲು ಬಲವಂತವಾಗಿ ಎಳೆಯಬೇಡಿ. ತಣ್ಣಗಾದ ಮೇಲೆ ವಿದ್ಯುತ್ ತೆಗೆದು ಕೊಟ್ಟರೆ ಲಾಕ್‌ನ ಮೋಟಾರ್ ಇನ್ನೊಮ್ಮೆ ಪ್ರಯತ್ನಿಸುತ್ತದೆ. ಬಾಗಿಲ ಅಂಚಿನಲ್ಲಿ ಸಿಕ್ಕಿದ ಬೆಂದ ಚೂರು ಅದನ್ನು ಪೂರ್ತಿ ಮುಚ್ಚಲು ಬಿಡದಿದ್ದರೂ ಇದೇ ಕೋಡ್ ಬರಬಹುದು.

ಬೋರ್ಡ್‌ನ ನೆನಪು ಕೆಟ್ಟಿದೆ, ಬೋರ್ಡ್ ಮತ್ತು ಪರದೆಯ ನಡುವೆ ಸಂಪರ್ಕವಿಲ್ಲ ಎಂಬ ಕೋಡುಗಳಲ್ಲಿ ಮನೆಯವರು ಮಾಡಬಹುದಾದದ್ದು ಎರಡನೆಯ ಹೆಜ್ಜೆ ಮಾತ್ರ. ಅದಾದ ಮೇಲೂ ಬಂದರೆ, ಬೋರ್ಡ್ ಬದಲಿಸುವ ಮೊದಲು ಎರಡರ ನಡುವಿನ ರಿಬ್ಬನ್ ತಂತಿಯನ್ನು ಕಳಚಿ ಮತ್ತೆ ಕೂರಿಸಿ ನೋಡಿದಿರಾ ಎಂದು ರಿಪೇರಿಯವರನ್ನು ಕೇಳಿ.

ಅಮೆರಿಕದಲ್ಲಿರುವವರಿಗೆ

ಅಲ್ಲಿನ ಬಾಡಿಗೆ ಮನೆಗಳಲ್ಲಿ ಒಲೆ ಮತ್ತು ಓವನ್ ಸೇರಿದ ದೊಡ್ಡ ಪೆಟ್ಟಿಗೆ ಇರುತ್ತದೆ. ಫ್ರಿಜಿಡೇರ್‌ನಲ್ಲಿ ಎಫ್10 ಅತಿಬಿಸಿ, ಎಫ್11 ಗುಂಡಿ, ಎಫ್30 ಕಡಿದ ಸೆನ್ಸರ್ ದಾರಿ, ಎಫ್31 ಶಾರ್ಟ್ ಆದ ಸೆನ್ಸರ್ ದಾರಿ. ವರ್ಲ್‌ಪೂಲ್‌ನಲ್ಲಿ ಎಫ್3 ಗುಂಪು ಸೆನ್ಸರ್‌ಗೆ, ಎಫ್5 ಗುಂಪು ಬಾಗಿಲಿಗೆ. ಅಲ್ಲಿ ಓವನ್‌ಗೆ 240 ವೋಲ್ಟ್ ಬರುವುದು 120 ವೋಲ್ಟ್‌ನ ಎರಡು ತಂತಿಗಳಿಂದ. ಒಂದು ತಂತಿ ಹೋದರೆ ಗಡಿಯಾರ, ದೀಪ ಎಲ್ಲ ನಡೆಯುತ್ತವೆ, ಓವನ್ ಮಾತ್ರ ಕಾಯುವುದಿಲ್ಲ. ಜೋಡಿ ಬ್ರೇಕರನ್ನು ಪೂರ್ತಿ ಆಫ್ ಕಡೆಗೆ ತಳ್ಳಿ, ಆಮೇಲೆ ಆನ್ ಮಾಡಿ. ಸರಿಹೋಗದಿದ್ದರೆ ಚಿತ್ರ ಸಹಿತ ಮನೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಬಾಡಿಗೆ ಮನೆಯ ಓವನ್ನನ್ನು ನೀವೇ ಬಿಚ್ಚಬೇಡಿ.

ಕನ್ವೆಕ್ಷನ್ ಮೈಕ್ರೋವೇವ್ ಬಗ್ಗೆ ಒಂದು ಕಟ್ಟಪ್ಪಣೆ

ಇವುಗಳಲ್ಲೂ ಕೋಡ್ ಬರುತ್ತವೆ, ಸ್ಯಾಮ್‌ಸಂಗ್‌ನ ಸಿ-20 ತಾಪಮಾನ ಸೆನ್ಸರ್‌ನದು, ಸಿ-21 ಅತಿಬಿಸಿಯದು. ಫೋಟೊ ತೆಗೆಯುವುದು, ವಿದ್ಯುತ್ ತೆಗೆದು ಕೊಡುವುದು, ಫಲಕ ಒರೆಸುವುದು, ಸಾಕೆಟ್ ನೋಡುವುದು, ಇಷ್ಟನ್ನು ಮಾಡಿ. ಹೊರ ಕವಚ ಮಾತ್ರ ಎಂದಿಗೂ ತೆರೆಯಬೇಡಿ. ಒಳಗಿನ ಕೆಪಾಸಿಟರ್ ಪ್ಲಗ್ ಕಳಚಿದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಅದು ಪ್ರಾಣ ತೆಗೆಯುತ್ತದೆ.

ರಿಪೇರಿಯವರು ಬಂದಾಗ

ಕರೆ ಮಾಡುವಾಗಲೇ ಮಾದರಿ ಸಂಖ್ಯೆ, ಕೋಡ್, ಅದು ಬಂದ ಸಂದರ್ಭ ಮೂರನ್ನೂ ಹೇಳಿದರೆ ಸರಿಯಾದ ಭಾಗ ಹಿಡಿದುಕೊಂಡು ಬರುತ್ತಾರೆ. ಭಾಗ ಬದಲಿಸಬೇಕು ಎಂದಾಗ ‘ಏನನ್ನು ಅಳೆದಿರಿ, ಎಷ್ಟು ಬಂತು?’ ಎಂದು ಕೇಳಿ. ಕೆಲಸ ಬಲ್ಲವರು ಸಂತೋಷದಿಂದ ತೋರಿಸುತ್ತಾರೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಇಟ್ಟುಕೊಳ್ಳಿ, ಹೊಸ ಭಾಗದ ವಾರಂಟಿಯನ್ನು ಬಿಲ್ಲಿನಲ್ಲಿ ಬರೆಸಿ. ಅಕ್ಕ ಇವೆರಡನ್ನೂ ಮಾಡಿರಲಿಲ್ಲ, ಹಣ ವಾಪಸ್ ಕೇಳಲು ಕೈಯಲ್ಲಿ ಏನೂ ಇರಲಿಲ್ಲ. ಬಿಲ್ ಇದ್ದು ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ರಿಪೇರಿ ಮುಗಿದ ಮೇಲೆ ಅವರು ಹೊರಡುವ ಮುನ್ನವೇ ಓವನ್ನನ್ನು ಖಾಲಿಯಾಗಿ 180 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಓಡಿಸಿ. ಬಿಸಿಯಾದಾಗ ಮಾತ್ರ ಬರುವ ದೋಷ ಐದು ನಿಮಿಷದ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಓವನ್ ಥರ್ಮಾಮೀಟರ್ ಇದ್ದರೆ ನಡುವಿನ ಜಾಲರಿಯ ಮೇಲಿಟ್ಟು ಹದಿನೈದು ನಿಮಿಷದ ನಂತರ ಐದೈದು ನಿಮಿಷಕ್ಕೊಮ್ಮೆ ಗಾಜಿನ ಮೂಲಕ ಓದಿ. ಕೊಳವೆ ಹತ್ತಿ ಆರುವುದರಿಂದ ಸಂಖ್ಯೆ ಮೇಲೆ ಕೆಳಗೆ ಆಡುತ್ತದೆ, ಸರಾಸರಿ 180ರ ಹತ್ತಿರ ಇದ್ದರೆ ಸಾಕು. ದಿನಾಂಕ, ಕೋಡ್, ಅಳತೆ, ಬದಲಿಸಿದ ಭಾಗ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಅಕ್ಕನ ಕಪಾಟಿನಲ್ಲಿ ಈಗ ಅಂಥ ಚೀಟಿ ಇದೆ. ಅದರಲ್ಲಿ ಕೊನೆಯ ಸಾಲು ಹೊಸ ಕನೆಕ್ಟರ್ ಹಾಕಿದ ದಿನದ್ದು: 1112 ಓಮ್.